ಒಂದೇ ಪ್ರತಿ, ಹಲವು ಪರದೆ



ಇವತ್ತು ಕನ್ನಡದ ಒಂದು ಕಾದಂಬರಿ ಎಲ್ಲೆಲ್ಲಿ ಓದಿಸಿಕೊಳ್ಳುತ್ತದೆ, ಸ್ವಲ್ಪ ಯೋಚಿಸಿ ನೋಡಿ. ಬಸ್ಸಿನಲ್ಲಿ ನಿಂತವರ ಮೊಬೈಲಿನಲ್ಲಿ. ಮನೆಯ ಟ್ಯಾಬ್ಲೆಟ್ಟಿನಲ್ಲಿ. ಕಿಂಡಲ್‌ನಂಥ ಓದುವ ಸಾಧನದಲ್ಲಿ. ಕಾಲೇಜು ಗ್ರಂಥಾಲಯದ ಕಂಪ್ಯೂಟರಿನಲ್ಲಿ. ಕಣ್ಣು ಕಾಣದವರಿಗೆ ಅದೇ ಕಾದಂಬರಿ ದನಿಯಾಗಿ ಕೇಳಿಸುತ್ತದೆ. ಒಂದೊಂದು ಪರದೆಯ ಅಗಲ ಒಂದೊಂದು. ಅಕ್ಷರ ದೊಡ್ಡದಾಗಬೇಕೋ ಚಿಕ್ಕದಾಗಬೇಕೋ, ಅದು ಓದುವವರ ಇಷ್ಟ. ಒಂದು ಸಾಧನ ಇಪಬ್ ಎಂಬ ರೂಪ ಕೇಳುತ್ತದೆ. ಇನ್ನೊಂದು ತನ್ನದೇ ರೂಪ ಕೇಳುತ್ತದೆ. ಮುದ್ರಣಕ್ಕೆ ಪಿಡಿಎಫ್ ಬೇಕು.

ಹಾಗಾದರೆ ಪ್ರಕಾಶಕರು ಏನು ಮಾಡಬೇಕು? ಒಂದೊಂದಕ್ಕೂ ಬೇರೆ ಬೇರೆ ಫೈಲು ತಯಾರಿಸಬಹುದು. ಅನೇಕರು ಹಾಗೇ ಮಾಡುತ್ತಾರೆ. ಆಮೇಲೆ ಲೇಖಕರು ಒಂದು ತಪ್ಪು ತೋರಿಸುತ್ತಾರೆ. ಅದು ಒಂದು ಫೈಲಿನಲ್ಲಿ ತಿದ್ದಿ ಹೋಗುತ್ತದೆ, ಉಳಿದವುಗಳಲ್ಲಿ ಹಾಗೇ ಉಳಿಯುತ್ತದೆ. ಎರಡು ವರ್ಷ ಕಳೆಯುವಷ್ಟರಲ್ಲಿ ಯಾವ ಪ್ರತಿ ಸರಿ ಎಂದು ಯಾರೂ ಹೇಳಲಾರರು. ಇದಕ್ಕೆ ಒಳ್ಳೆಯ ದಾರಿ ಒಂದಿದೆ. ಪುಸ್ತಕಕ್ಕೆ ಒಂದೇ ಮೂಲಪ್ರತಿ ಇರಲಿ. ಬೇಕಾದ ಎಲ್ಲ ರೂಪಗಳನ್ನೂ ಅದರಿಂದಲೇ ತೆಗೆಯೋಣ. ಆ ಮೂಲಪ್ರತಿಯನ್ನು ಎಚ್‌ಟಿಎಂಎಲ್‌ನಲ್ಲಿ ಇಟ್ಟುಕೊಳ್ಳುವುದು ಇವತ್ತಿನ ಮಟ್ಟಿಗೆ ತುಂಬಾ ಅನುಕೂಲ. ಅದನ್ನು ಹೇಗೆ ಬರೆದಿಡಬೇಕು ಎಂಬುದೇ ಈ ಹೊತ್ತಿನ ಮಾತು.

ಇಡೀ ಭಾಷಣದಲ್ಲಿ ನಾನು ಹೇಳುವುದು ಒಂದೇ ಸಂಗತಿ. ಮೊದಲೇ ಹೇಳಿಬಿಡುತ್ತೇನೆ. ಒಂದು ಸಾಲು ಏನು ಎಂಬುದನ್ನು ಮೂಲಪ್ರತಿಯಲ್ಲಿ ಗುರುತು ಮಾಡಿ. ಅದು ಹೇಗೆ ಕಾಣಬೇಕು ಎಂಬುದನ್ನು ಬೇರೆ ಕಡೆ ಬರೆದಿಡಿ.

ಎಚ್‌ಟಿಎಂಎಲ್ ಎಂದರೇನು? ನೀವು ತೆರೆಯುವ ಪ್ರತಿಯೊಂದು ಜಾಲತಾಣದ ಹಿಂದೆ ಇರುವುದು ಅದೇ. ಟಿಮ್ ಬರ್ನರ್ಸ್-ಲೀ ಅದನ್ನು ರೂಪಿಸಿದ್ದು ಜಿನೀವಾದ ಹತ್ತಿರ ಇರುವ ಸರ್ನ್ ಎಂಬ ಭೌತವಿಜ್ಞಾನದ ಸಂಸ್ಥೆಯಲ್ಲಿ. 1990ರ ಆಸುಪಾಸಿನ ಮಾತು. ಅಲ್ಲಿಗೆ ನಾನಾ ದೇಶಗಳ ವಿಜ್ಞಾನಿಗಳು ಬರುತ್ತಿದ್ದರು. ಒಬ್ಬೊಬ್ಬರದು ಒಂದೊಂದು ಬಗೆಯ ಕಂಪ್ಯೂಟರ್. ಒಬ್ಬರು ಬರೆದಿಟ್ಟದ್ದನ್ನು ಇನ್ನೊಬ್ಬರ ಯಂತ್ರದಲ್ಲಿ ತೆರೆಯುವುದೇ ಕಷ್ಟ. ಬರ್ನರ್ಸ್-ಲೀ ಬರಹದ ಒಂದೊಂದು ಭಾಗಕ್ಕೂ ಒಂದು ಗುರುತು ಕೊಟ್ಟರು. ಇದು ಶೀರ್ಷಿಕೆ. ಇದು ಪ್ಯಾರಾ. ಇದು ಪಟ್ಟಿ. ಗುರುತು ನೋಡಿಕೊಂಡು ಆಯಾ ಯಂತ್ರ ತನಗೆ ಸಾಧ್ಯವಾದಂತೆ ತೋರಿಸಲಿ ಎಂಬ ಏರ್ಪಾಡು ಅದು. ಇವತ್ತು ಇ-ಪುಸ್ತಕ ಮಾಡುವವರ ಸಮಸ್ಯೆಯೂ ಸರಿಯಾಗಿ ಅದೇ.

ಈ ಗುರುತಿಗೆ ಟ್ಯಾಗ್ ಎನ್ನುತ್ತಾರೆ. ಗಣಿತದಲ್ಲಿ ಚಿಕ್ಕದು, ದೊಡ್ಡದು ಎಂದು ತೋರಿಸುವ ಚೂಪು ಮೂತಿಯ ಎರಡು ಚಿಹ್ನೆಗಳಿವೆಯಲ್ಲ, ಅವುಗಳ ನಡುವೆ ಇಂಗ್ಲಿಷಿನ ಪಿ ಅಕ್ಷರ ಬರೆದರೆ ಪ್ಯಾರಾ ಶುರುವಾಯಿತು. ಪಿ ಅಕ್ಷರದ ಮುಂಚೆ ಒಂದು ಓರೆಗೆರೆ ಸೇರಿಸಿ ಮತ್ತೆ ಬರೆದರೆ ಆ ಪ್ಯಾರಾ ಮುಗಿಯಿತು. ಪುಸ್ತಕದ ಹೆಸರಿಗೆ ಎಚ್ 1. ಅಧ್ಯಾಯದ ಹೆಸರಿಗೆ ಎಚ್ 2. ಅಧ್ಯಾಯದೊಳಗಿನ ಉಪಶೀರ್ಷಿಕೆಗೆ ಎಚ್ 3. ಇಂಥ ಹತ್ತು ಹನ್ನೆರಡು ಟ್ಯಾಗುಗಳು ಗೊತ್ತಿದ್ದರೆ ಒಂದು ಕಾದಂಬರಿಗೆ ಸಾಕು.

ನೋಟದ ಮಾತು ಹಾಗಾದರೆ ಎಲ್ಲಿಗೆ ಹೋಯಿತು? 1990ರ ದಶಕದ ನಡುವಿನಲ್ಲಿ ಜನ ನೋಟವನ್ನೂ ಎಚ್‌ಟಿಎಂಎಲ್ ಒಳಗೇ ತುರುಕತೊಡಗಿದರು. ಈ ಪದ ಕೆಂಪು, ಆ ಪದ ದಪ್ಪ, ಅಕ್ಷರ ಇಷ್ಟು ದೊಡ್ಡದು ಎಂದೆಲ್ಲ. ಅದನ್ನು ಬಿಡಿಸಿ ಬೇರೆ ಇಡುವುದಕ್ಕೆ ಬಂದದ್ದು ಸ್ಟೈಲ್ ಶೀಟ್. ಹೋಕೋನ್ ವಿಯುಮ್ ಲೀ ಮತ್ತು ಬರ್ಟ್ ಬಾಸ್ ಎಂಬಿಬ್ಬರು ಸೇರಿ ರೂಪಿಸಿದ ಈ ಪದ್ಧತಿ 1996ರಲ್ಲಿ ಅಧಿಕೃತವಾಯಿತು. ಅದನ್ನು ಸಿಎಸ್‌ಎಸ್ ಎನ್ನುತ್ತಾರೆ. ಯಕ್ಷಗಾನ ಬಲ್ಲವರಿಗೆ ಇದನ್ನು ತಿಳಿಸುವುದು ಸುಲಭ. ಪ್ರಸಂಗದಲ್ಲಿ ಕರ್ಣ ಕರ್ಣನೇ. ತೆಂಕುತಿಟ್ಟಿನಲ್ಲಿ ಅವನಿಗೆ ಒಂದು ವೇಷ, ಬಡಗುತಿಟ್ಟಿನಲ್ಲಿ ಇನ್ನೊಂದು ವೇಷ. ಪ್ರಸಂಗ ಬರೆದ ಕವಿ ಕಿರೀಟದ ಅಳತೆ ಬರೆಯುವುದಿಲ್ಲ. ಎಚ್‌ಟಿಎಂಎಲ್ ಪ್ರಸಂಗ. ಸಿಎಸ್‌ಎಸ್ ವೇಷ.

ಇಷ್ಟು ಹೊತ್ತು ಹೇಳಿದ್ದು: ಮೂಲಪ್ರತಿಯಲ್ಲಿ ಗುರುತು ಮಾತ್ರ ಇರಬೇಕು, ನೋಟ ಬೇರೆ ಇರಬೇಕು. ಈಗ ಈ ಮೂಲಪ್ರತಿ ಯಾವ ಯಾವ ರೂಪಕ್ಕೆ ತಿರುಗಬೇಕು ಎಂಬುದನ್ನು ನೋಡೋಣ.

ಮುಖ್ಯವಾದದ್ದು ಇಪಬ್. ಅದರ ಹಿರಿಯ ರೂಪ 1999ರಲ್ಲಿ ಬಂತು. 2007ರಲ್ಲಿ ಇಪಬ್ ಎಂಬ ಹೆಸರಿನಲ್ಲಿ ಮಾನಕವಾಯಿತು. ಇಪಬ್ 3 ಬಂದದ್ದು 2011ರಲ್ಲಿ. 2017ರಿಂದ ಅದನ್ನು ನೋಡಿಕೊಳ್ಳುವುದು ಡಬ್ಲ್ಯು3ಸಿ, ಅಂದರೆ ಜಾಲದ ಮಾನಕಗಳನ್ನು ರೂಪಿಸುವ ಸಂಸ್ಥೆಯೇ. ಒಂದು ಇಪಬ್ ಫೈಲನ್ನು ಬಿಚ್ಚಿದರೆ ಒಳಗೆ ಏನಿರುತ್ತದೆ? ಅಧ್ಯಾಯಕ್ಕೊಂದರಂತೆ ಎಚ್‌ಟಿಎಂಎಲ್ ಪುಟಗಳು. ಒಂದು ಸ್ಟೈಲ್ ಶೀಟ್. ಚಿತ್ರಗಳು. ಪರಿವಿಡಿ. ಯಾವುದರ ನಂತರ ಯಾವುದು ಎಂದು ಹೇಳುವ ಒಂದು ಪಟ್ಟಿ. ಎಲ್ಲವನ್ನೂ ಜಿಪ್ ಮಾಡಿ ಒಂದೇ ಫೈಲಾಗಿ ಕಟ್ಟಿರುತ್ತಾರೆ. ಹಾಗಾಗಿ ನಿಮ್ಮ ಎಚ್‌ಟಿಎಂಎಲ್ ಚೊಕ್ಕಟವಾಗಿದ್ದರೆ ಇಪಬ್ ಮುಕ್ಕಾಲು ಪಾಲು ಆದಂತೆಯೇ.

ಕಿಂಡಲ್ಲಿನ ದಾರಿ ಬೇರೆ. ಫ್ರಾನ್ಸಿನಲ್ಲಿ ಮೋಬಿಪಾಕೆಟ್ ಎಂಬ ಕಂಪನಿ 2000ದಲ್ಲಿ ಹುಟ್ಟಿತು. 2005ರಲ್ಲಿ ಅಮೆಜಾನ್ ಅದನ್ನು ಕೊಂಡಿತು. 2007ರಲ್ಲಿ ಕಿಂಡಲ್ ಬಂದಾಗ ಒಳಗಿದ್ದದ್ದು ಆ ಮೋಬಿಯ ಬಳುವಳಿ. ಹಳೆಯ ಮೋಬಿಗೆ ಅರ್ಥವಾಗುತ್ತಿದ್ದ ಅಲಂಕಾರ ತೀರ ಕಡಿಮೆ. ಚಿತ್ರದ ಪಕ್ಕದಲ್ಲಿ ಬರಹ ಹರಿಸು ಎಂದರೆ ಅದಕ್ಕೆ ಆಗುತ್ತಿರಲಿಲ್ಲ. 2011ರಲ್ಲಿ ಅಮೆಜಾನ್ ಹೊಸ ರೂಪ ತಂದಿತು. 2022ರಿಂದ ಓದುಗರು ತಮ್ಮ ಇಪಬ್ ಫೈಲನ್ನೇ ಕಿಂಡಲ್ಲಿಗೆ ಕಳಿಸಬಹುದಾಯಿತು. ಅದು ದಾರಿಯಲ್ಲಿ ಕಿಂಡಲ್ಲಿನ ರೂಪಕ್ಕೆ ತಿರುಗಿಕೊಳ್ಳುತ್ತದೆ. ಆದರೆ ಹಳೆಯ ಸಾಧನಗಳು ಮನೆಗಳಲ್ಲಿ ಇನ್ನೂ ಇವೆ. ಅವುಗಳಲ್ಲಿ ಸ್ಟೈಲ್ ಶೀಟಿನ ಅರ್ಧ ಮಾತು ನಡೆಯುವುದಿಲ್ಲ. ಆದ್ದರಿಂದ ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಸ್ಟೈಲ್ ಶೀಟನ್ನು ಪೂರ್ತಿ ತೆಗೆದುಹಾಕಿ ಮೂಲಪ್ರತಿಯನ್ನು ಓದುತ್ತೇನೆ. ಅಧ್ಯಾಯ ಎಲ್ಲಿ ಶುರು, ಪತ್ರ ಎಲ್ಲಿ ಮುಗಿಯಿತು, ಪದ್ಯ ಯಾವುದು ಎಂದು ಆಗಲೂ ಗೊತ್ತಾಗಬೇಕು. ಗೊತ್ತಾಗದಿದ್ದರೆ ಗುರುತು ಸಾಲದು ಎಂದೇ ಅರ್ಥ.

ಒಂದೇ ಮೂಲಪ್ರತಿಯಿಂದ ಹಲವು ರೂಪ ತೆಗೆಯುವುದಕ್ಕೆ ದೊಡ್ಡ ಉದಾಹರಣೆ ಪ್ರಾಜೆಕ್ಟ್ ಗುಟೆನ್‌ಬರ್ಗ್. 1971ರ ಜುಲೈ 4ರಂದು ಮೈಕೆಲ್ ಹಾರ್ಟ್ ಎಂಬ ವಿದ್ಯಾರ್ಥಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಟೈಪ್ ಮಾಡಿಟ್ಟರು. ಅಲ್ಲಿಂದ ಶುರುವಾದ ಕೆಲಸ. ಇವತ್ತು ಅಲ್ಲಿ 70 ಸಾವಿರಕ್ಕೂ ಹೆಚ್ಚು ಪುಸ್ತಕಗಳಿವೆ. ಎಲ್ಲವೂ ಉಚಿತ. ಯಾವ ಯಂತ್ರದಲ್ಲೂ ತೆರೆಯಬೇಕು ಎಂದು ಹಾರ್ಟ್ ಬರಿಯ ಅಕ್ಷರಗಳ ಫೈಲಿಗೇ ಪಟ್ಟು ಹಿಡಿದಿದ್ದರು. ಆ ಹಠಕ್ಕೆ ನಾನು ಕೈ ಮುಗಿಯುತ್ತೇನೆ. ಅವರು ಆ ದಿನ ಕೂತ ಯಂತ್ರದ ಕಾಲ ಮುಗಿದಿದೆ. ಆ ಬರಹ ಇದೆ.

2000ದಿಂದ ಈ ಕೆಲಸಕ್ಕೆ ಡಿಸ್ಟ್ರಿಬ್ಯೂಟೆಡ್ ಪ್ರೂಫ್‌ರೀಡರ್ಸ್ ಎಂಬ ಸ್ವಯಂಸೇವಕರ ಬಳಗ ಕೈಜೋಡಿಸಿತು. ಹಳೆಯ ಪುಸ್ತಕದ ಒಂದೊಂದು ಪುಟವನ್ನೂ ಲೋಕದ ಯಾವುದೋ ಮೂಲೆಯಲ್ಲಿ ಒಬ್ಬರು ತಿದ್ದುತ್ತಾರೆ. ಕೊನೆಯಲ್ಲಿ ಒಬ್ಬರು ಎಲ್ಲವನ್ನೂ ಕೂಡಿಸಿ ಒಂದು ಎಚ್‌ಟಿಎಂಎಲ್ ಫೈಲು ಮಾಡುತ್ತಾರೆ. ಅದನ್ನು ಇಬುಕ್‌ಮೇಕರ್ ಎಂಬ ತಂತ್ರಾಂಶಕ್ಕೆ ಕೊಟ್ಟರೆ ಇಪಬ್ ಬರುತ್ತದೆ, ಕಿಂಡಲ್ ಪ್ರತಿ ಬರುತ್ತದೆ. ಇಪಬ್ಬನ್ನು ಯಾರೂ ಕೈಯಿಂದ ಮಾಡುವುದಿಲ್ಲ. ಹಾಗಾಗಿ ಮೂಲಪ್ರತಿ ಬರೆಯುವವರಿಗೆ ಶಿಸ್ತು ಬೇಕಾಗುತ್ತದೆ. ಒಂದೊಂದು ಅಧ್ಯಾಯವನ್ನೂ ಒಂದು ಭಾಗವಾಗಿ ಸುತ್ತಿ, ಅದಕ್ಕೆ ಚಾಪ್ಟರ್ ಎಂಬ ಹೆಸರಿಡಬೇಕು. ತಂತ್ರಾಂಶ ಅಲ್ಲಿ ಪುಟ ಮುರಿಯುತ್ತದೆ. ಬ್ರೌಸರಿನಲ್ಲಿ ಮಾತ್ರ ಬೇಕಾದದ್ದನ್ನು, ಇ-ಪುಸ್ತಕದಲ್ಲಿ ಮಾತ್ರ ಬೇಕಾದದ್ದನ್ನು ಬೇರೆ ಬೇರೆ ಹೆಸರಿಟ್ಟು ತೋರಿಸಬೇಕು.

ಅವರು ಎದುರಿಸಿದ ಒಂದು ತೊಡಕನ್ನು ಹತ್ತಿರದಿಂದ ನೋಡೋಣ. ಅಚ್ಚಿನ ಪುಸ್ತಕದ ಪುಟಸಂಖ್ಯೆಯನ್ನು ಉಳಿಸಬೇಕು ಎಂಬ ಆಸೆ ಸಹಜ. ಬ್ರೌಸರಿನಲ್ಲಿ ಆ ಸಂಖ್ಯೆಯನ್ನು ಅಂಚಿಗೆ ತಳ್ಳಿ ಚಿಕ್ಕದಾಗಿ ತೋರಿಸಬಹುದು. ಚೆನ್ನಾಗಿಯೇ ಕಾಣುತ್ತದೆ. ಅಂಚಿಗೆ ತಳ್ಳು ಎಂಬ ಮಾತು ಕೇಳದ ಸಾಧನದಲ್ಲಿ ಏನಾಗುತ್ತದೆ? ಸಂಖ್ಯೆ ವಾಕ್ಯದ ಒಳಗೇ ನಿಲ್ಲುತ್ತದೆ. ಅವನು ಬಾಗಿಲು 47 ತೆರೆದನು, ಎಂದು ಓದಬೇಕಾಗುತ್ತದೆ. ಸಂಖ್ಯೆಯನ್ನು ಕಿತ್ತೊಗೆಯುವುದು ಇದಕ್ಕೆ ಪರಿಹಾರವಲ್ಲ. ಸಂಶೋಧನೆ ಮಾಡುವವರಿಗೆ ಅದು ಬೇಕು. ಇದು ಪುಟಸಂಖ್ಯೆ ಎಂಬ ಹೆಸರು ಅದಕ್ಕೆ ಅಂಟಿದ್ದರೆ ಸಾಕು. ಅಚ್ಚಿನಂಥ ರೂಪದಲ್ಲಿ ಅದನ್ನು ತೋರಿಸಬಹುದು, ಮೊಬೈಲಿನಲ್ಲಿ ಅಡಗಿಸಬಹುದು. ಇಪಬ್ 3ರಲ್ಲಿ ಅಚ್ಚಿನ ಪುಟಗಳಿಗೇ ಒಂದು ಪ್ರತ್ಯೇಕ ಪಟ್ಟಿ ಕೊಡಬಹುದು. ವಿದ್ಯಾರ್ಥಿಯೊಬ್ಬಳು 212ನೇ ಪುಟಕ್ಕೆ ಹೋಗು ಎಂದರೆ ಫೈಲು ಅಲ್ಲಿಗೇ ಹೋಗುತ್ತದೆ.

ಇಲ್ಲಿಯವರೆಗೆ ಗುರುತು ಎಂದರೇನು ಎಂದೆವು. ರೂಪಗಳು ಯಾವುವು ಎಂದೆವು. ಗುಟೆನ್‌ಬರ್ಗಿನವರು ಹೇಗೆ ಮಾಡುತ್ತಾರೆ ಎಂದೆವು. ಇನ್ನು ನಮ್ಮ ಮೇಜಿಗೆ ಬರುವ ಹಸ್ತಪ್ರತಿಯನ್ನು ಕೈಗೆ ತೆಗೆದುಕೊಳ್ಳೋಣ.

ಅದು ಸಾಮಾನ್ಯವಾಗಿ ವರ್ಡ್ ಫೈಲು. ಅಧ್ಯಾಯದ ಹೆಸರನ್ನು ನಡುವಿಗೆ ತರಲು ಲೇಖಕರು ಸ್ಪೇಸ್ ಬಾರನ್ನು ಇಪ್ಪತ್ತು ಸಲ ಒತ್ತಿರುತ್ತಾರೆ. ಹೊಸ ಅಧ್ಯಾಯ ಹೊಸ ಪುಟದಲ್ಲಿ ಬರಲಿ ಎಂದು ಎಂಟರ್ ಕೀಲಿಯನ್ನು ಒತ್ತುತ್ತಾ ಹೋಗಿರುತ್ತಾರೆ. ಹೆಸರನ್ನು ದಪ್ಪಕ್ಷರ ಮಾಡಿ, ಅಳತೆ ಹದಿನೆಂಟು ಕೊಟ್ಟಿರುತ್ತಾರೆ. ಕಾಗದದ ಮೇಲೆ ಇದು ಸರಿಯಾಗಿಯೇ ಕಾಣುತ್ತದೆ. ಮೊಬೈಲಿನಲ್ಲಿ ಓದುವವರಿಗೆ ಮಾತ್ರ ಎರಡು ಮೂರು ಖಾಲಿ ಪರದೆಗಳು ಬರುತ್ತವೆ. ಪುಸ್ತಕ ಮುಗಿಯಿತು ಎಂದು ಅವರು ಮುಚ್ಚಿಬಿಡಬಹುದು. ಯಂತ್ರಕ್ಕಂತೂ ಅದು ಅಧ್ಯಾಯ ಎಂಬುದೇ ತಿಳಿಯದು. ದಪ್ಪಕ್ಷರದ ಒಂದು ಪ್ಯಾರಾ, ಅಷ್ಟೇ. ಅದಕ್ಕೆ ಮೊದಲ ಕೆಲಸ ಈ ಖಾಲಿ ಜಾಗಗಳನ್ನೆಲ್ಲ ಗುಡಿಸಿ ತೆಗೆಯುವುದು. ಆ ಹೆಸರಿಗೆ ಎಚ್ 2 ಎಂಬ ಗುರುತು ಕೊಡುವುದು. ನಡುವಿಗೆ ತರುವುದು, ದಪ್ಪ ಮಾಡುವುದು, ಹೊಸ ಪುಟದಲ್ಲಿ ಶುರು ಮಾಡುವುದು, ಮೂರನ್ನೂ ಸ್ಟೈಲ್ ಶೀಟಿನಲ್ಲಿ ಒಮ್ಮೆ ಬರೆದರೆ ಮೂವತ್ತು ಅಧ್ಯಾಯಕ್ಕೂ ಆಯಿತು.

ಹೀಗೆ ಗುರುತು ಕೊಟ್ಟರೆ ಪರಿವಿಡಿ ತಾನಾಗಿಯೇ ಹುಟ್ಟುತ್ತದೆ. ಇಲ್ಲಿ ಕನ್ನಡದವರು ಗಮನಿಸಬೇಕಾದ ಒಂದು ವಿಷಯವಿದೆ. ರೂಪಾಂತರಕ್ಕೆ ಬಹಳ ಜನ ಬಳಸುವುದು ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶ. ಇದನ್ನು ಶುರು ಮಾಡಿದವರು ಭಾರತದವರೇ ಆದ ಕೋವಿದ್ ಗೋಯಲ್. 2006ರಲ್ಲಿ ಸೋನಿ ಕಂಪನಿಯ ಓದುವ ಸಾಧನ ಲಿನಕ್ಸ್ ಕಂಪ್ಯೂಟರಿನ ಜೊತೆ ಹೊಂದುತ್ತಿರಲಿಲ್ಲ. ಅದಕ್ಕೆಂದು ಅವರು ಬರೆದ ತಂತ್ರಾಂಶ ಬೆಳೆದು ಕ್ಯಾಲಿಬರ್ ಆಯಿತು. ಅಧ್ಯಾಯ ಎಲ್ಲಿದೆ ಎಂದು ಕ್ಯಾಲಿಬರ್ ತಾನೇ ಹುಡುಕುತ್ತದೆ. ಹೇಗೆ ಹುಡುಕುತ್ತದೆ? ಎಚ್ 1, ಎಚ್ 2 ಶೀರ್ಷಿಕೆಗಳಲ್ಲಿ ಚಾಪ್ಟರ್, ಬುಕ್, ಪಾರ್ಟ್ ಮುಂತಾದ ಇಂಗ್ಲಿಷ್ ಪದಗಳಿವೆಯೇ ಎಂದು ನೋಡುತ್ತದೆ. ನಮ್ಮ ಶೀರ್ಷಿಕೆಯಲ್ಲಿ ಅಧ್ಯಾಯ ಒಂದು ಎಂದಿದ್ದರೆ ಅದಕ್ಕೆ ತಿಳಿಯುವುದಿಲ್ಲ. ಆದರೆ ಚಾಪ್ಟರ್ ಎಂಬ ವರ್ಗದ ಹೆಸರು ಟ್ಯಾಗಿನೊಳಗೆ ಇದ್ದರೆ ಅದನ್ನೂ ಅದು ಒಪ್ಪುತ್ತದೆ. ಓದುಗರಿಗೆ ಆ ಹೆಸರು ಕಾಣುವುದಿಲ್ಲ. ಶೀರ್ಷಿಕೆ ಅಚ್ಚಗನ್ನಡದಲ್ಲೇ ಇರುತ್ತದೆ. ಇಲ್ಲವೆ ಎಲ್ಲ ಎಚ್ 2 ಶೀರ್ಷಿಕೆಗಳನ್ನೂ ಅಧ್ಯಾಯವೆಂದೇ ಎಣಿಸು ಎಂದು ರೂಪಾಂತರದ ಹೊತ್ತಿನಲ್ಲಿ ಹೇಳಬಹುದು.

ಪದ್ಯದ ವಿಷಯಕ್ಕೆ ಬರುತ್ತೇನೆ. ಅತಿ ಹೆಚ್ಚು ಹಾನಿಯಾಗುವುದು ಅಲ್ಲೇ. ಕುಮಾರವ್ಯಾಸನ ಭಾರತ ಭಾಮಿನಿ ಷಟ್ಪದಿಯಲ್ಲಿದೆ. ಆರು ಸಾಲು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಹದಿನಾಲ್ಕು ಹದಿನಾಲ್ಕು ಮಾತ್ರೆ. ಮೂರು ಮತ್ತು ಆರನೆಯ ಸಾಲು ಅದರ ಒಂದೂವರೆಯಷ್ಟು, ಕೊನೆಯಲ್ಲೊಂದು ಗುರು. ಅಂದರೆ ಆ ಎರಡು ಸಾಲುಗಳು ಉದ್ದ. ಮೊಬೈಲಿನ ಪರದೆಯಲ್ಲಿ ಅವು ಹಿಡಿಸುವುದಿಲ್ಲ. ಮುರಿದು ಕೆಳಗೆ ಬೀಳುತ್ತವೆ. ಆರು ಸಾಲಿನ ಪದ್ಯ ಎಂಟು ಸಾಲಾಗಿ ಕಾಣುತ್ತದೆ. ಅಕ್ಷರ ದೊಡ್ಡದು ಮಾಡಿಕೊಂಡರೆ ಹತ್ತಾಗುತ್ತದೆ. ಕವಿ ನಿಲ್ಲಿಸಿದ್ದು ಎಲ್ಲಿ, ಪರದೆ ಮುರಿದದ್ದು ಎಲ್ಲಿ ಎಂದು ಹೊಸ ಓದುಗನಿಗೆ ತಿಳಿಯುವ ಬಗೆಯೇ ಇಲ್ಲ. ಛಂದಸ್ಸೇ ಕಣ್ಣಿನಿಂದ ಮರೆಯಾಯಿತು.

ಏನು ಮಾಡಬೇಕು? ಪದ್ಯವನ್ನು ಒಂದು ಭಾಗವೆಂದು ಗುರುತು ಮಾಡಿ. ಅದರೊಳಗೆ ಪ್ರತಿಯೊಂದು ಸಾಲಿಗೂ ಸಾಲು ಎಂಬ ಗುರುತು ಕೊಡಿ. ಆಮೇಲೆ ಸ್ಟೈಲ್ ಶೀಟಿನಲ್ಲಿ ಹೀಗೆ ಹೇಳಿ: ಸಾಲಿನ ಮೊದಲ ತುದಿ ಎಡ ಅಂಚಿಗೆ ಇರಲಿ, ಮುರಿದು ಬಿದ್ದ ಭಾಗ ಎರಡು ಮೂರು ಅಕ್ಷರದಷ್ಟು ಒಳಗೆ ಸರಿದು ಕೂರಲಿ. ಆಗ ಯಾವುದೇ ಪರದೆಯಲ್ಲಿ ಆರು ಸಾಲುಗಳನ್ನು ಎಣಿಸಬಹುದು. ಒಳಗೆ ಸರಿದದ್ದು ಹಿಂದಿನ ಸಾಲಿನ ಮುಂದುವರಿಕೆ ಎಂದು ಕಣ್ಣಿಗೆ ತಾನಾಗಿ ತಿಳಿಯುತ್ತದೆ. ಪದ್ಯವನ್ನು ಚಿತ್ರವಾಗಿ ಸೇರಿಸಿಬಿಡುವ ರೂಢಿಯೊಂದಿದೆ. ದಯವಿಟ್ಟು ಅದನ್ನು ಬಿಡಿ. ಚಿತ್ರದಲ್ಲಿರುವ ಕನ್ನಡವನ್ನು ಹುಡುಕಲಾಗದು, ದೊಡ್ಡದು ಮಾಡಿ ಓದಿಕೊಳ್ಳಲಾಗದು, ದನಿಯಲ್ಲಿ ಕೇಳಲಾಗದು.

ಅಡಿಟಿಪ್ಪಣಿಯ ಮಾತು ಚಿಕ್ಕದು. ಅಚ್ಚಿನಲ್ಲಿ ಪುಟಕ್ಕೆ ಅಡಿ ಇದೆ. ಹರಿಯುವ ಪರದೆಯಲ್ಲಿ ಅಡಿ ಎಂಬುದೇ ಇಲ್ಲ. ಹಳೆಯ ಪುಸ್ತಕಗಳಲ್ಲಿ ಪ್ರತಿ ಪುಟದಲ್ಲೂ ಅದೇ ನಕ್ಷತ್ರ ಚಿಹ್ನೆ ಬರುತ್ತದೆ. ಅದನ್ನು ಹಾಗೇ ಬಿಟ್ಟರೆ ಯಾವ ನಕ್ಷತ್ರಕ್ಕೆ ಯಾವ ಟಿಪ್ಪಣಿ ಎಂದು ತಿಳಿಯದು. ಪುಸ್ತಕದುದ್ದಕ್ಕೂ ಸಂಖ್ಯೆ ಕೊಡಿ. ಸಂಖ್ಯೆಯಿಂದ ಟಿಪ್ಪಣಿಗೆ ಒಂದು ಲಿಂಕ್, ಟಿಪ್ಪಣಿಯಿಂದ ಓದುತ್ತಿದ್ದ ಜಾಗಕ್ಕೆ ಮರಳಲು ಇನ್ನೊಂದು. ಇದು ಟಿಪ್ಪಣಿ ಎಂದು ಇಪಬ್ 3ರ ರೀತಿಯಲ್ಲಿ ಗುರುತು ಮಾಡಿದರೆ ಕೆಲವು ಸಾಧನಗಳು ಅದನ್ನು ಅಲ್ಲೇ ಪುಟ್ಟ ಕಿಟಕಿಯಲ್ಲಿ ತೋರಿಸುತ್ತವೆ.

ಇನ್ನೊಂದು ಎಚ್ಚರ. ಬ್ರೌಸರುಗಳಿಗೆ ತಾಳ್ಮೆ ಹೆಚ್ಚು. ಟ್ಯಾಗನ್ನು ತೆರೆದು ಮುಚ್ಚಲು ಮರೆತರೂ ಅವು ಹೇಗೋ ನಡೆಸಿಕೊಂಡು ಹೋಗುತ್ತವೆ. ಇಪಬ್ಬಿಗೆ ಆ ತಾಳ್ಮೆ ಇಲ್ಲ. ಅದರೊಳಗಿನ ಎಚ್‌ಟಿಎಂಎಲ್ ಕಟ್ಟುನಿಟ್ಟಿನದು. ತೆರೆದದ್ದನ್ನೆಲ್ಲ ಮುಚ್ಚಬೇಕು. ಒಳಗಿನದನ್ನು ಮೊದಲು ಮುಚ್ಚಿ ಆಮೇಲೆ ಹೊರಗಿನದನ್ನು ಮುಚ್ಚಬೇಕು. ಒಂದು ಟ್ಯಾಗು ತಪ್ಪಿದರೆ ಆ ಅಧ್ಯಾಯವೇ ತೆರೆಯದೆ ಹೋಗಬಹುದು. ಮೂಲಪ್ರತಿಯನ್ನು ಮೊದಲಿನಿಂದಲೇ ಈ ಕಟ್ಟುನಿಟ್ಟಿನಲ್ಲಿ ಬರೆದರೆ ಆಮೇಲಿನ ತಲೆನೋವು ತಪ್ಪುತ್ತದೆ.

ಶೀರ್ಷಿಕೆ, ಪದ್ಯ, ಅಡಿಟಿಪ್ಪಣಿ, ಇವೆಲ್ಲ ಯಾವ ಭಾಷೆಯ ಪುಸ್ತಕಕ್ಕೂ ಬರುವ ಪ್ರಶ್ನೆಗಳು. ಕನ್ನಡಕ್ಕೇ ವಿಶೇಷವಾದ ಕೆಲವಿವೆ. ಈಗ ಅವನ್ನು ಹೇಳುತ್ತೇನೆ.

ನಮ್ಮ ಡಿಟಿಪಿ ಅಂಗಡಿಗಳಲ್ಲಿ ಎಷ್ಟೋ ವರ್ಷ ಪುಸ್ತಕ ಕಟ್ಟಿದ್ದು ಪೇಜ್‌ಮೇಕರ್ ಎಂಬ ತಂತ್ರಾಂಶದಲ್ಲಿ. ಅದಕ್ಕೆ ಯುನಿಕೋಡ್ ಎಂಬ ಅಕ್ಷರಸಂಕೇತದ ಪದ್ಧತಿ ಗೊತ್ತಿರಲಿಲ್ಲ. ಹಾಗಾಗಿ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಟೈಪ್ ಆಯಿತು. ಆ ಫಾಂಟುಗಳು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಅವುಗಳಿಲ್ಲದಿದ್ದರೆ ಸಾವಿರಾರು ಪುಸ್ತಕಗಳು ಅಚ್ಚಾಗುತ್ತಲೇ ಇರಲಿಲ್ಲ. ಆದರೆ ಆ ಫೈಲಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಮೇಲೆ ಕನ್ನಡದ ರೂಪ ಮಾತ್ರ. ಫಾಂಟ್ ಇಲ್ಲದ ಸಾಧನದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಈ ತನಕ ನಾನು ಹೇಳಿದ ತತ್ತ್ವವನ್ನೇ ಇಲ್ಲಿ ಅಕ್ಷರಕ್ಕೆ ಹಚ್ಚಿ ನೋಡಿ. ಆ ಫೈಲು ಅಕ್ಷರದ ನೋಟವನ್ನು ಇಟ್ಟುಕೊಂಡಿದೆ, ಅಕ್ಷರವನ್ನೇ ಇಟ್ಟುಕೊಂಡಿಲ್ಲ. 1991ರಲ್ಲಿ ಬಂದ ಯುನಿಕೋಡ್ ಕನ್ನಡದ ಒಂದೊಂದು ಅಕ್ಷರಕ್ಕೂ ಅದರದೇ ಸಂಖ್ಯೆ ಕೊಟ್ಟಿತು. ಆದ್ದರಿಂದ ಹಳೆಯ ಫೈಲನ್ನು ಮೊದಲು ಯುನಿಕೋಡಿಗೆ ತಿರುಗಿಸಿ, ಒಂದು ಸಲ ಪೂರ್ತಿ ಪ್ರೂಫ್ ನೋಡಿ, ಆಮೇಲೆಯೇ ಟ್ಯಾಗು ಹಾಕಲು ಕೂರಬೇಕು. ಒತ್ತಕ್ಷರ, ಅರ್ಕಾವತ್ತು, ದೀರ್ಘ, ಈ ಮೂರರ ಮೇಲೆ ಹೆಚ್ಚಿನ ಕಣ್ಣಿರಲಿ. ತಿರುಗಿಸುವಾಗ ಸಾಮಾನ್ಯವಾಗಿ ಕೆಡುವುದು ಅವೇ.

ಅರ್ಕಾವತ್ತಿನ ಸೂಕ್ಷ್ಮ ಒಂದಿದೆ. ಸೂರ್ಯ ಎಂಬ ಪದದಲ್ಲಿ ರಕಾರ ಅರ್ಕಾವತ್ತಾಗಿ ಬಲಗಡೆ ಕೂರುತ್ತದೆ. ರ‍್ಯಾಂಕ್ ಎಂಬ ಪದದಲ್ಲಿ ರಕಾರ ಮುಂದೆ ನಿಂತು ಯಕಾರ ಒತ್ತಾಗುತ್ತದೆ. ಯಂತ್ರದ ಲೆಕ್ಕದಲ್ಲಿ ಎರಡೂ ಕಡೆ ಅವೇ ಅಕ್ಷರಗಳು, ಅದೇ ಕ್ರಮ. ಭೇದ ತಿಳಿಸಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇಡಬೇಕು. ಎಚ್‌ಟಿಎಂಎಲ್ ಎಂದು ಕನ್ನಡದಲ್ಲಿ ಬರೆಯುವಾಗಲೂ ಅಂಥದೇ ಇನ್ನೊಂದು ಸಂಕೇತ ಬೇಕು. ಇಲ್ಲದಿದ್ದರೆ ಚಕಾರದ ಕೆಳಗೆ ಟಕಾರ ಒತ್ತಾಗಿ ಹೋಗಿ ಕೂರುತ್ತದೆ. ಫೈಲನ್ನು ಶುಚಿಗೊಳಿಸುವ ಕೆಲವು ಉಪಕರಣಗಳು ಕಾಣದ ಸಂಕೇತಗಳನ್ನೆಲ್ಲ ಕಸವೆಂದು ಅಳಿಸುತ್ತವೆ. ಕನ್ನಡದ ಫೈಲಿಗೆ ಅಂಥ ಉಪಕರಣ ಹಚ್ಚುವ ಮುಂಚೆ ಅದು ಏನನ್ನು ಅಳಿಸುತ್ತದೆ ಎಂದು ಖಚಿತ ಮಾಡಿಕೊಳ್ಳಿ.

ಅಧ್ಯಾಯದ ಮೊದಲ ಅಕ್ಷರವನ್ನು ದೊಡ್ಡದಾಗಿ ತೋರಿಸುವ ಚೆಂದ ಇಂಗ್ಲಿಷ್ ಪುಸ್ತಕಗಳಿಂದ ಬಂದದ್ದು. ಅಲ್ಲಿ ಒಂದು ಅಕ್ಷರಕ್ಕೆ ಟ್ಯಾಗು ಹಾಕಿದರೆ ಮುಗಿಯಿತು. ನಮ್ಮಲ್ಲಿ ಅಧ್ಯಾಯ ಸ್ತ್ರೀ ಎಂಬ ಪದದಿಂದ ಶುರುವಾಯಿತು ಎನ್ನಿ. ಯಾರೋ ಬರಿಯ ಸಕಾರಕ್ಕೆ ಟ್ಯಾಗು ಹಾಕಿದರು. ದೊಡ್ಡ ಸಕಾರ ಒಂದು ಕಡೆ ನಿಲ್ಲುತ್ತದೆ. ಒತ್ತು, ದೀರ್ಘ ಎಲ್ಲ ಅದರಿಂದ ಹರಿದು, ಚುಕ್ಕಿಗಳ ಒಂದು ಉರುಟನ್ನು ಹಿಡಿದುಕೊಂಡು ಪಕ್ಕದಲ್ಲಿ ಬೀಳುತ್ತವೆ. ಟ್ಯಾಗು ಎಂದೂ ಅಕ್ಷರದ ನಡುವೆ ಹೋಗಕೂಡದು. ಈ ಅಲಂಕಾರವನ್ನೇ ಬಿಡುವುದು ಲೇಸು ಎಂದು ನನ್ನ ಅಭಿಪ್ರಾಯ.

ಓರೆ ಅಕ್ಷರದ ಮಾತೂ ಹಾಗೆಯೇ. ಕನ್ನಡದ ಫಾಂಟುಗಳಲ್ಲಿ ಓರೆ ರೂಪ ಸಾಮಾನ್ಯವಾಗಿ ಇರುವುದಿಲ್ಲ. ಯಂತ್ರ ನೆಟ್ಟಗಿನ ಅಕ್ಷರವನ್ನೇ ವಾಲಿಸಿ ತೋರಿಸುತ್ತದೆ. ಓದಲು ಹಿತವಲ್ಲ. ಆದರೆ ಒತ್ತಿ ಹೇಳಿದ ಪದಕ್ಕೆ ಒತ್ತು ಎಂಬ ಗುರುತು, ಅಂದರೆ ಇಎಂ ಟ್ಯಾಗು, ಇರಲೇಬೇಕು. ಅದು ಓರೆಯಾಗುವ ಬದಲು ದಪ್ಪವಾಗಿ ಬರಲಿ ಎಂದು ಸ್ಟೈಲ್ ಶೀಟಿನಲ್ಲಿ ಒಂದೇ ಮಾತು ಬರೆದರೆ ಸಾಕು. ಅಲ್ಲೇ ಇನ್ನೆರಡು ಮಾತು ಸೇರಿಸಿ. ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಗೆ ತಗಲದಂತೆ ಸಾಲಿನ ಅಂತರ ಅಕ್ಷರದ ಒಂದೂವರೆಯಷ್ಟಾದರೂ ಇರಲಿ. ಎರಡೂ ಅಂಚು ಸಮ ಮಾಡುವ ಆಸೆ ಬೇಡ. ನಮ್ಮ ಪದಗಳು ಉದ್ದ. ಚಿಕ್ಕ ಪರದೆಯಲ್ಲಿ ಅಂಚು ಸಮ ಮಾಡಿದರೆ ಪದಗಳ ನಡುವೆ ದೊಡ್ಡ ದೊಡ್ಡ ಸಂದು ಬೀಳುತ್ತದೆ.

ಕನ್ನಡ ಫಾಂಟ್ ಇಲ್ಲದ ಸಾಧನದಲ್ಲಿ ಅಕ್ಷರದ ಬದಲು ಖಾಲಿ ಚೌಕಗಳು ಕಾಣುತ್ತವೆ. ಅದಕ್ಕೆ ಫಾಂಟನ್ನು ಪುಸ್ತಕದೊಳಗೇ ಸೇರಿಸಬಹುದು. ಹಾಗೆ ಹಂಚಲು ಅನುಮತಿ ಇರುವ ಫಾಂಟನ್ನೇ ಆರಿಸಿ. ನೋಟೋ ಸರಣಿಯ ಕನ್ನಡ ಫಾಂಟುಗಳಿಗೆ ಅಂಥ ಮುಕ್ತ ಪರವಾನಗಿ ಇದೆ.

ಒಂದು ಮೂಲದಿಂದ ಹಲವು ರೂಪ ಎಂಬುದು ಕನ್ನಡದಲ್ಲಿ ಆಗಲೇ ನಡೆದಿದೆ. ಕನ್ನಡ ವಿಕಿಸೋರ್ಸ್‌ನಲ್ಲಿ ಸ್ವಯಂಸೇವಕರು ಹಳೆಯ ಪುಸ್ತಕಗಳನ್ನು ಪುಟ ಪುಟವಾಗಿ ತಿದ್ದುತ್ತಿದ್ದಾರೆ. ಅಲ್ಲಿ ಒಂದು ಪುಸ್ತಕ ತೆರೆದು ಇಳಿಸಿಕೊಳ್ಳಲು ಹೋದರೆ ಇಪಬ್ ಬೇಕೋ ಪಿಡಿಎಫ್ ಬೇಕೋ ಎಂದು ಕೇಳುತ್ತದೆ. ಎರಡೂ ತಯಾರಾಗುವುದು ಅದೇ ಬರಹದಿಂದ.

ಹೀಗೆ ಕನ್ನಡದ ಅಕ್ಷರಕ್ಕೂ ಅದೇ ನಿಯಮ ಹೊಂದುತ್ತದೆ ಎಂದು ನೋಡಿದೆವು. ಇನ್ನು ಉಳಿದದ್ದು ಕಿವಿಯಿಂದ ಓದುವವರ ಮಾತು. ಬಾನುಲಿ ಕೇಳುವ ನಿಮಗೆ ಇದು ಬೇಗ ಮನಸ್ಸಿಗೆ ಹಿಡಿಯುತ್ತದೆ ಎಂದು ನಂಬಿದ್ದೇನೆ.

ಕಣ್ಣು ಕಾಣದವರು ಪುಸ್ತಕ ಓದಲು ನೆರವಾಗಲೆಂದು ಮರಕೇಶ್ ಒಪ್ಪಂದ 2013ರಲ್ಲಿ ಆಯಿತು. ಅದನ್ನು ಮೊದಲು ಅನುಮೋದಿಸಿದ ದೇಶ ಭಾರತ, 2014ರಲ್ಲಿ. ಕಾನೂನಿನ ಬಾಗಿಲು ತೆರೆದಿದೆ. ಫೈಲಿನ ಬಾಗಿಲೂ ತೆರೆಯಬೇಕು. ಪರದೆ ಓದುವ ತಂತ್ರಾಂಶಕ್ಕೆ ದಪ್ಪಕ್ಷರ ಕಾಣುವುದಿಲ್ಲ. ಎಚ್ 2 ಎಂಬ ಗುರುತು ಸಿಗುತ್ತದೆ. ಆ ಗುರುತು ಹಿಡಿದು ಓದುಗ ಒಂದು ಕೀಲಿ ಒತ್ತಿ ಮುಂದಿನ ಅಧ್ಯಾಯಕ್ಕೆ ಹೋಗುತ್ತಾನೆ. ಗುರುತಿಲ್ಲದಿದ್ದರೆ ಮುನ್ನೂರು ಪುಟವನ್ನು ಮೊದಲಿನಿಂದ ಕೇಳುತ್ತಾ ಹೋಗಬೇಕು. ಚಿತ್ರಗಳಿಗೆ ಬದಲಿ ವಿವರಣೆ ಬರೆಯಿರಿ. ಚಿತ್ರ ಒಂದು ಎಂದರೆ ಸಾಲದು. ಅದರಲ್ಲಿ ಏನಿದೆ ಎಂದು ಎರಡು ವಾಕ್ಯ ಬರೆಯಿರಿ. ಫೈಲಿನ ತಲೆಯಲ್ಲಿ ಭಾಷೆ ಕನ್ನಡ ಎಂದು ತಿಳಿಸಿ. ಅದಕ್ಕೆ ಕೆಎನ್ ಎಂಬ ಎರಡಕ್ಷರದ ಸಂಕೇತವಿದೆ. ಅದನ್ನು ನೋಡಿಯೇ ಯಂತ್ರ ಕನ್ನಡದ ದನಿಯನ್ನು ಆರಿಸಿಕೊಳ್ಳುತ್ತದೆ. ನಡುವೆ ಒಂದು ಇಂಗ್ಲಿಷ್ ಅಥವಾ ಹಿಂದಿ ವಾಕ್ಯ ಬಂದರೆ ಅದಕ್ಕೆ ಅದರ ಭಾಷೆಯ ಗುರುತು ಕೊಡಿ.

ಎಲ್ಲ ಆದ ಮೇಲೆ ಪರೀಕ್ಷೆ. ಇಪಬ್‌ಚೆಕ್ ಎಂಬ ಉಚಿತ ತಂತ್ರಾಂಶ ಟ್ಯಾಗಿನ ತಪ್ಪುಗಳನ್ನು ಸಾಲಿನ ಸಂಖ್ಯೆ ಸಮೇತ ತೋರಿಸುತ್ತದೆ. ಅದು ತಪ್ಪಿಲ್ಲ ಎಂದರೂ ನಿಲ್ಲಬೇಡಿ. ನಿಮಗೆ ಸಿಗುವ ಅತಿ ಚಿಕ್ಕ ಮೊಬೈಲಿನಲ್ಲಿ ಅಕ್ಷರವನ್ನು ಅತಿ ದೊಡ್ಡದು ಮಾಡಿ ಒಂದು ಅಧ್ಯಾಯ ಓದಿ. ಆಮೇಲೆ ಕಪ್ಪು ಹಿನ್ನೆಲೆಗೆ ಬದಲಿಸಿ ನೋಡಿ. ಅಕ್ಷರದ ಬಣ್ಣ ಕಪ್ಪು ಎಂದು ಯಾರಾದರೂ ಎಲ್ಲೋ ಬರೆದಿಟ್ಟಿದ್ದರೆ ಆ ಭಾಗ ಕಪ್ಪಿನಲ್ಲಿ ಕಪ್ಪಾಗಿ ಕಾಣದೇ ಹೋಗುತ್ತದೆ. ಹಾಗೆ ಕಂಡರೆ ಬಣ್ಣದ ಆ ಮಾತನ್ನು ಅಳಿಸಿ. ಕೊನೆಗೆ ಕಣ್ಣು ಮುಚ್ಚಿ ದನಿಯಲ್ಲಿ ಒಂದು ಅಧ್ಯಾಯ ಕೇಳಿ.

ಲೇಖಕರಿಗೆ ಒಂದು ವಿನಂತಿ. ನಿಮ್ಮ ಪುಸ್ತಕವನ್ನು ಇ-ಪುಸ್ತಕ ಮಾಡಿಸುವಾಗ ಇಪಬ್ ಒಂದನ್ನೇ ಪಡೆದು ಸುಮ್ಮನಾಗಬೇಡಿ. ಮೂಲದ ಎಚ್‌ಟಿಎಂಎಲ್, ಸ್ಟೈಲ್ ಶೀಟ್, ಚಿತ್ರಗಳು, ಈ ಮೂರನ್ನೂ ಕೇಳಿ ಪಡೆಯಿರಿ. ಕೆಲಸ ಒಪ್ಪಿಸುವಾಗಲೇ ಇದನ್ನು ಒಪ್ಪಂದದಲ್ಲಿ ಬರೆಸಿ. ಪಡೆದ ಫೈಲನ್ನು ಎರಡು ಬೇರೆ ಬೇರೆ ಕಡೆ ಉಳಿಸಿಡಿ.